ನಾಲ್ಕನೇ ಕಲಮು: ಬೆಂಟಿಂಕ್, ಮೈಸೂರು, ಮಂಜರಾಬಾದ್

ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಿದವರು ಅದರ ಎಂಟು ಮೂಲೆ ನೋಡಿ, ಟಿಪ್ಪುವಿನ ಮಾತಾಡಿ ಇಳಿಯುತ್ತಾರೆ. ಆ ಸೀಮೆಯ ಹಣೆಬರಹದಲ್ಲಿ ಇನ್ನೊಂದು ಹೆಸರೂ ಇದೆ: ಲಾರ್ಡ್ ವಿಲಿಯಂ ಬೆಂಟಿಂಕ್. 1829ರಲ್ಲಿ ಸತಿ ಪದ್ಧತಿ ನಿಷೇಧಿಸಿದವನೆಂದು ಶಾಲೆಯಲ್ಲಿ ಓದಿ ಮರೆಯುತ್ತೇವೆ. ಹಾಸನ, ಚಿಕ್ಕಮಗಳೂರಿನವರಿಗೆ ಅಷ್ಟು ಸಾಲದು.

1774ರಲ್ಲಿ ಹುಟ್ಟಿದ ಈತ ಪೋರ್ಟ್‌ಲ್ಯಾಂಡ್‌ನ ಮೂರನೇ ಡ್ಯೂಕನ ಎರಡನೇ ಮಗ. ಅಪ್ಪ ಎರಡು ಸಲ ಬ್ರಿಟನ್ನಿನ ಪ್ರಧಾನಿ. ‘ಲಾರ್ಡ್’ ಎಂಬುದು ಡ್ಯೂಕನ ಮಗನಿಗೆ ರೂಢಿಯಿಂದ ಬಂದ ಗೌರವ, ಸ್ವಂತ ಪದವಿಯಲ್ಲ. ಹಾಗಾಗಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ನಿಲ್ಲಲು ಅಡ್ಡಿಯಿರಲಿಲ್ಲ. 1803ರಲ್ಲಿ ಮದ್ರಾಸಿನ ಗವರ್ನರ್ ಆದ. 1806ರ ವೆಲ್ಲೂರು ಸಿಪಾಯಿ ದಂಗೆಯ ಹೊಣೆ ತಲೆಗೆ ಬಂದು ಮರುವರ್ಷ ವಾಪಸ್ ಕರೆಸಿಕೊಂಡರು. 1828ರಲ್ಲಿ ಗವರ್ನರ್ ಜನರಲ್ ಆಗಿ ಮರಳಿದ.

ಎರಡೇ ವರ್ಷಕ್ಕೆ ಮೈಸೂರು ರಾಜ್ಯದ ನಗರ ಸೀಮೆಯಲ್ಲಿ, ಈಗಿನ ಶಿವಮೊಗ್ಗದ ಕಡೆ, ದಂಗೆ. ಅದರ ಬೇರು ‘ಶರತ್ತು’ ಪದ್ಧತಿಯಲ್ಲಿತ್ತು. ಇಷ್ಟು ಕಂದಾಯ ತಂದೇ ತರುತ್ತೇನೆಂದು ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಬೆಳೆ ಕೈಕೊಟ್ಟ ವರ್ಷ ಅವನು ಯಾರನ್ನು ಹಿಂಡುತ್ತಾನೆಂದು ಬೇರೆ ಹೇಳಬೇಕಿಲ್ಲ. ರೈತರು ಕೂಟ ಕಟ್ಟಿದರು. ತರೀಕೆರೆಯ ಪಾಳೆಯಗಾರ ಮನೆತನವೂ ಜೊತೆಗೂಡಿತು.

1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು. ಬೆಂಟಿಂಕ್ ಹಿಡಿದುಕೊಂಡ ಆಧಾರ, ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಒಡೆಯರೊಡನೆ ಮಾಡಿಕೊಂಡ 1799ರ ಒಪ್ಪಂದದ ನಾಲ್ಕನೇ ಕಲಮು. ಅವನು ಎಡವಿದ್ದೂ ಅಲ್ಲೇ. ಮೈಸೂರು ರಾಜ್ಯವು ಕಂಪನಿಗೆ ಪೊಗದಿಯಾಗಿ, ಎಂದರೆ ಕಂಪನಿಯ ಸೈನ್ಯದ ಖರ್ಚಿನ ಬಾಬ್ತು, ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) 12 ಸಮ ಕಂತುಗಳಲ್ಲಿ ಕಟ್ಟಬೇಕಿತ್ತು. ಆ ಹಣ ನಿಂತುಹೋದೀತೆಂಬ ಭಯ ಬಂದರೆ, ಅದನ್ನು ಭದ್ರಪಡಿಸಲು ಬೇಕಾದಷ್ಟು ಭಾಗವನ್ನೋ ಭಾಗಗಳನ್ನೋ ಕಂಪನಿ ವಶಕ್ಕೆ ತೆಗೆದುಕೊಳ್ಳಬಹುದು ಎನ್ನುತ್ತದೆ ಕಲಮು. ಬೆಂಟಿಂಕ್ ತೆಗೆದುಕೊಂಡದ್ದು ಇಡೀ ರಾಜ್ಯ. ಐದನೇ ಕಲಮಿನ ಪ್ರಕಾರ ರಾಜರಿಗೆ ಉಳಿದದ್ದು ವರ್ಷಕ್ಕೆ 1 ಲಕ್ಷ ಪಗೋಡ, ಜೊತೆಗೆ ನಿವ್ವಳ ಕಂದಾಯದ ಐದನೇ ಒಂದು ಪಾಲು.

ಈ ಒಪ್ಪಂದವನ್ನು ಓದುವವರು ‘ಭಾಗ’ ಎಂಬ ಆ ಒಂದು ಮಾತಿನ ಮೇಲೆ ಬೆರಳಿಟ್ಟು ಓದಬೇಕು. ಮುಂದಿನ ಐವತ್ತು ವರ್ಷದ ವಾದವೆಲ್ಲ ಅದರ ಸುತ್ತಲೇ ಸುತ್ತಿತು.

ಬೆಂಟಿಂಕ್‌ಗೂ ಅದು ಹೊಳೆಯಿತು. ಮೈಸೂರು, ಅಷ್ಟಗ್ರಾಮ, ಮಂಜರಾಬಾದ್ ಸೀಮೆಗಳನ್ನು ರಾಜರಿಗೆ ಮರಳಿಸಿ, ಉಳಿದದ್ದನ್ನು ಪೊಗದಿಯ ಬಾಬ್ತು ಕಂಪನಿ ಇಟ್ಟುಕೊಳ್ಳಲಿ ಎಂದು 1834ರಲ್ಲಿ ಲಂಡನ್ನಿಗೆ ಬರೆದ. ಅದು ನಡೆದಿದ್ದರೆ ಸಕಲೇಶಪುರ ಒಡೆಯರದ್ದು, ನಗರದ ಮಲೆನಾಡು ಕಂಪನಿಯದ್ದು ಆಗುತ್ತಿತ್ತು. ನಮ್ಮ ಘಟ್ಟದ ನಡುವೆಯೇ ಒಂದು ಗಡಿ. ಕಂಪನಿಯ ಡೈರೆಕ್ಟರುಗಳು ಒಪ್ಪಲಿಲ್ಲ. 1835ರಲ್ಲಿ ಊರಿಗೆ ಹೋದ ಬೆಂಟಿಂಕ್ ಮರುವರ್ಷ ಗ್ಲಾಸ್ಗೋದಿಂದ ಗೆದ್ದು ಕಾಮನ್ಸ್‌ನಲ್ಲಿ ಕೂತ. 1839ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ತನ್ನ ಇಂಡಿಯಾದ ಆಡಳಿತದಲ್ಲಿ ದುಃಖದಿಂದ ನೆನೆಯುವಂಥದ್ದು ಮೈಸೂರಿನ ರಾಜರಿಂದ ಆಡಳಿತ ಕಿತ್ತುಕೊಂಡ ಈ ಒಂದು ಕೆಲಸವೇ ಎಂದು ಅವನು ಹೇಳಿಕೊಂಡದ್ದು ದಾಖಲೆಯಲ್ಲಿದೆ.

ರಾಜ್ಯ ಒಡೆಯರ ಮನೆಗೆ ಮರಳಿದ್ದು 1881ರ ಮಾರ್ಚ್ 25ರಂದು. ಜೀವಮಾನವಿಡೀ ಅದಕ್ಕಾಗಿ ಅರ್ಜಿ ಬರೆದ ಮುಮ್ಮಡಿಯವರು ತೀರಿಕೊಂಡು ಆಗ ಹದಿಮೂರು ವರ್ಷ ತುಂಬುತ್ತ ಬಂದಿತ್ತು.