ಲೋಕಲ್‌ನಲ್ಲಿ ಕೈ ಎತ್ತಿದರೂ ಮೇಲೇರದ ಟಾಪು

ಯುಗಾದಿಯ ಮರುದಿನ

ಎದುರಿನ ಬಿಲ್ಡಿಂಗಿನ ಕಿಟಕಿಗಳಲ್ಲಿ ಗುಡಿಪಾಡ್ವಕ್ಕೆ ನಿನ್ನೆ ಕಟ್ಟಿದ್ದ ಗುಡಿಗಳು, ಬಟ್ಟೆ-ಕಲಶದ ಕೋಲುಗಳು, ಇಳಿದಿವೆ. ನಮ್ಮ ಮನೆಯ ಬೇವು-ಬೆಲ್ಲ ಮುಗಿದಿದೆ. ಇನ್ನು ಬೇಸಿಗೆ. ದಾದರ್‌ನಲ್ಲಿ ಇಳಿದು ಟಾಪು ಹೆಣೆಯಲು ನೂಲು ತಗೊಂಡು ಬಂದೆ: ಬಾಳೆಸುಳಿಯ ಎಳೆ ಹಸಿರು, ಪೂರ್ತಿ ಹತ್ತಿ, 50 ಗ್ರಾಂನ ಎಂಟು ಉಂಡೆ. ಅಕ್ರಿಲಿಕ್ ಅಗ್ಗ, ಬಣ್ಣವೂ ಜಾಸ್ತಿ ಸಿಗುತ್ತದೆ. ಆದರೆ ಅದು ಬೆವರು ಹೀರುವುದಿಲ್ಲ. ಮುಂಬಯಿ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಮೇ ತಿಂಗಳಲ್ಲಿ ನಿಂತುಕೊಂಡು ಹೋಗುವವರಿಗೆ ಹತ್ತಿಯೇ ಸರಿ.

ಪ್ಯಾಟರ್ನ್ ಕೊರಳಿನಿಂದ ಕೆಳಕ್ಕೆ ಹೆಣೆಯುವ ರಾಗ್ಲನ್. ಅಂದರೆ ಕೊರಳಿನ ಸುತ್ತ ಸ್ಟಿಚ್ ಹಾಕಿ, ಮುಂಭಾಗ, ಹಿಂಭಾಗ ಮತ್ತು ಎರಡು ತೋಳು ಸೇರುವ ನಾಲ್ಕು ಗೆರೆಗಳಲ್ಲಿ ಹೆಚ್ಚಿಸುತ್ತಾ ಬರುವುದು. ಕಂಕುಳಿಗೆ ಬಂದಾಗ ತೋಳಿನ ಸ್ಟಿಚ್‌ಗಳನ್ನು ಬೇರೆ ದಾರಕ್ಕೆ ಏರಿಸಿಟ್ಟು, ಮೈಯನ್ನು ಮಾತ್ರ ಮುಂದುವರಿಸುವುದು. ಹೊಲಿಗೆಯೇ ಇಲ್ಲ. ನಡುವೆ ಯಾವಾಗ ಬೇಕಾದರೂ ತೊಟ್ಟು ನೋಡಬಹುದು. ನನಗೆ ಇದು ಇಷ್ಟವಾಗಿದ್ದೇ ಅದಕ್ಕೆ.

ನನ್ನ ಅಳತೆ ತೆಗೆಯಲು ಕುಂದಾಪುರದ ಅಕ್ಕ ಸಂಜೆ ಬಂದಿದ್ದರು. ಬೆಳಗಿನ 8 ಗಂಟೆಯ ಗಾಡಿಯಲ್ಲಿ ಏಳು ವರ್ಷಗಳಿಂದ ನಾವಿಬ್ಬರೂ ಒಂದೇ ಲೇಡೀಸ್ ಡಬ್ಬಿ. ಕಂಕುಳ ಕೆಳಗೆ, ಎದೆಯ ಮೇಲ್ಭಾಗದ ಸುತ್ತಳತೆ 88 ಸೆಂ.ಮೀ. ತುಂಬು ಎದೆ 97. ತೋಳಿನ ದಪ್ಪ 30. ಸೊಂಟದ ಕೆಳಗೆ 102. ಪ್ಯಾಟರ್ನ್‌ನಲ್ಲಿ ಸಿದ್ಧ ಟಾಪಿನ ಎದೆ 90, 98, 106 ಎಂದು ಮೂರು ಸೈಜ್ ಇವೆ. ತುಂಬು ಎದೆ ನೋಡಿಕೊಂಡು 106 ತೆಗೆದುಕೊಂಡರೆ ಭುಜ, ಕೊರಳು ಎರಡೂ ಜಾರುತ್ತವೆ. ನನ್ನ ಅಂಗಡಿ ಟಾಪುಗಳದ್ದೆಲ್ಲ ಇದೇ ಗೋಳು. ಭುಜ ಹೇಳುವ ಸೈಜ್ ಹಿಡಿಯಬೇಕು, ಎದೆಗೆ ಬೇಕಾದ ಜಾಗವನ್ನು ಮುಂಭಾಗದಲ್ಲಿ ಮಾತ್ರ ಕೊಡಬೇಕು. ಆದ್ದರಿಂದ 98.

ಏಪ್ರಿಲ್ 12

4 ಮಿ.ಮೀ. ಕಡ್ಡಿಯಲ್ಲಿ ಸ್ವಾಚ್ (ಅಳತೆ ನೋಡಲು ಹೆಣೆಯುವ ಸಣ್ಣ ತುಂಡು) ಹೆಣೆದಿದ್ದೆ. 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು, ಪ್ಯಾಟರ್ನ್‌ನಲ್ಲಿ ಹೇಳಿದಷ್ಟೇ ಬಂತು. ಹಾಗಾಗಿ ಧೈರ್ಯವಾಗಿ ಶುರು ಮಾಡಿದೆ. ಮುಂಭಾಗ 48, ಹಿಂಭಾಗ 48, ತೋಳಿಗೆ 16-16, ಒಟ್ಟು 128 ಸ್ಟಿಚ್. ರೈಲಿನಲ್ಲಿ ಸೀಟು ಸಿಕ್ಕ ದಿನ ಮೂರು ನಾಲ್ಕು ಸುತ್ತು ಆಗುತ್ತಿತ್ತು. ನಮ್ಮ ಡಬ್ಬಿಯಲ್ಲಿ ಒಬ್ಬರು ಮೆಂತೆಸೊಪ್ಪು ಬಿಡಿಸುತ್ತಾರೆ, ಒಬ್ಬರು ಬಟಾಣಿ ಸುಲಿಯುತ್ತಾರೆ, ಹೆಣಿಗೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ.

26 ಸಲ ಹೆಚ್ಚಿಸಿ, ಆಮೇಲೆ 8 ಸುತ್ತು ಸಾದಾ ಹೆಣೆದು, 60 ಸುತ್ತಿಗೆ ಕಂಕುಳು ಬಂತು. ತೋಳು ಬೇರೆ ಮಾಡಿದೆ. ಮೈಯನ್ನು ಇನ್ನೂ 20 ಸುತ್ತು ಇಳಿಸಿ ಕನ್ನಡಿ ಮುಂದೆ ತೊಟ್ಟು ನೋಡಿದರೆ ಚೆನ್ನಾಗಿ ಕೂತಿತ್ತು.

ಶನಿವಾರ ಅಕ್ಕನಿಗೆ ತೋರಿಸಲು ಹಾಕಿಕೊಂಡು ನಿಂತೆ. ಅವರು ಸುತ್ತ ಒಂದು ಸಲ ನೋಡಿದರು. "ಹೀಗೆ ಕೈ ಕೆಳಗೆ ಬಿಟ್ಟುಕೊಂಡು ನೀನು ಎಲ್ಲಿ ನಿಲ್ತಿ ಮಾರಾಯ್ತಿ? ಹಿಡಿಕೆ ಹಿಡ್ಕೊಂಡ ಹಾಗೆ ಕೈ ಎತ್ತಿ ನೋಡು" ಅಂದರು. ಎತ್ತಿದೆ. ಬಲಗಡೆ ಇಡೀ ಬದಿ ತೋಳಿನ ಜೊತೆಗೇ ಮೇಲೆ ಬಂತು. ಅಕ್ಕ ಟೇಪು ಹಿಡಿದರು: ಅಂಚು 7 ಸೆಂ.ಮೀ. ಮೇಲೇರಿತ್ತು.

ಆ ಮಾತು ರಾತ್ರಿಯೆಲ್ಲಾ ತಲೆಯಲ್ಲಿ ಸುತ್ತುತ್ತಿತ್ತು. ನನ್ನ ದಿನದಲ್ಲಿ ಎರಡು ಗಂಟೆಯಾದರೂ ಒಂದು ಕೈ ಮೇಲಿರುತ್ತದೆ. ಟಾಪು ಸರಿಹೋಗಬೇಕಾದ್ದು ಆ ಭಂಗಿಗೆ. ಪ್ಯಾಟರ್ನ್ ಚಿತ್ರದಲ್ಲಿ ಇರುವವಳು ಕೈ ಇಳಿಬಿಟ್ಟು ನಿಂತಿದ್ದಾಳೆ.

ಏಪ್ರಿಲ್ 14

ಕೈ ಎತ್ತಿದಾಗ ಉಡುಪು ಮೇಲೇರುವುದಕ್ಕೆ ಕಾರಣ ಕಂಕುಳು. ಕಂಕುಳ ಕಟ್ಟು ತುಂಬಾ ಕೆಳಗಿದ್ದರೆ ತೋಳು ಮೇಲೆ ಹೋಗುವಾಗ ಬದಿಯ ಬಟ್ಟೆಯನ್ನೂ ಎಳೆದುಕೊಂಡು ಹೋಗುತ್ತದೆ. ಕಂಕುಳಿಗೆ ಹತ್ತಿರ ಇದ್ದರೆ ತೋಳು ತನ್ನ ಪಾಡಿಗೆ ತಿರುಗುತ್ತದೆ. ಕೆಳಗಿಟ್ಟರೆ ಸಡಿಲ, ಆರಾಮ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿಜ ಇದರ ಉಲ್ಟಾ. ರವಿಕೆ ಹೊಲಿಯುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಆದರೆ ನನ್ನ ಟಾಪಿನ ಯೋಕ್, ಅಂದರೆ ಕೊರಳಿಂದ ಕಂಕುಳವರೆಗಿನ ಭಾಗ, 20 ಸೆಂ.ಮೀ. ಅಷ್ಟೇ ಇತ್ತು, ಅಷ್ಟೇನೂ ಕೆಳಗಲ್ಲ ಅಲ್ವಾ? ಹತ್ತಿ ತೊಳೆದರೆ ಏನಾಗುತ್ತದೆ ಎಂದು ನೋಡೋಣ ಅನ್ನಿಸಿತು. ಎಲ್ಲಾ ಸ್ಟಿಚ್‌ಗಳನ್ನು ಉದ್ದದ ದಾರಕ್ಕೆ ಏರಿಸಿ, ಅರ್ಧ ಟಾಪನ್ನೇ ನೀರಲ್ಲಿ ನೆನೆಸಿ, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಹ್ಯಾಂಗರ್‌ಗೆ ಹಾಕಿದೆ. ಜೊತೆಗೆ ಆ ಹಳೆಯ ಸ್ವಾಚ್ಚನ್ನೂ ತೊಳೆದು, ಬಾಲ್ಕನಿ ತಂತಿಗೆ ಕ್ಲಿಪ್ ಹಾಕಿ ತೂಗುಬಿಟ್ಟೆ. ಕೆಳ ಅಂಚಿಗೆ ಎರಡು ಸ್ಟೀಲ್ ಚಮಚ ಸಿಕ್ಕಿಸಿದೆ. ಪೂರ್ತಿ ಟಾಪಿನ ಭಾರ ಮೇಲಿನ ಸಾಲುಗಳನ್ನು ಎಳೆಯುತ್ತದಲ್ಲ, ಆ ಎಳೆತ ಅಂದಾಜಿಗಾದರೂ ಸಿಗಲಿ ಎಂದು.

ಏಪ್ರಿಲ್ 15

ಒಣಗಿದೆ. ಅಗಲಕ್ಕೆ 22 ಸ್ಟಿಚ್, ಹೆಚ್ಚುಕಡಿಮೆ ಹಾಗೆಯೇ. ಉದ್ದಕ್ಕೆ 10 ಸೆಂ.ಮೀ.ನಲ್ಲಿ 30 ಅಲ್ಲ, 28 ಸಾಲು.

ಎರಡೇ ಸಾಲು ಅನ್ನಿಸುತ್ತದೆ. ಲೆಕ್ಕ ಹಾಕಿದೆ. ಯೋಕಿನ 60 ಸುತ್ತು 20 ಸೆಂ.ಮೀ. ಅಲ್ಲ, 21.4. ಕಂಕುಳಿಂದ ಕೆಳಗೆ ಒಟ್ಟು ಬರಬೇಕಾದ 96 ಸುತ್ತು 32 ಅಲ್ಲ, 34.3. ಇಡೀ ಟಾಪಿನಲ್ಲಿ ಮೂರೂವರೆ ಸೆಂ.ಮೀ.ಗಿಂತ ಜಾಸ್ತಿ ಉದ್ದ. ಹ್ಯಾಂಗರ್‌ನಲ್ಲಿದ್ದ ಅರ್ಧ ಟಾಪಿನ ಯೋಕ್ ಅಳೆದರೆ ಸರಿಯಾಗಿ ಇಪ್ಪತ್ತೊಂದೂವರೆ.

ಉಣ್ಣೆಯ ನೂಲಿಗೆ ರಬ್ಬರಿನಂಥ ಗುಣ ಇದೆ. ಎಳೆದರೆ ಚಾಚಿ, ಬಿಟ್ಟರೆ ವಾಪಸ್ ಬರುತ್ತದೆ. ಹತ್ತಿಗೆ ಅದು ಕಡಿಮೆ, ಮೇಲಾಗಿ ಭಾರವೂ ಜಾಸ್ತಿ. ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಮ್ಮೂರಿನ ಸೆಕೆಯಲ್ಲಿ ಬೆವರು ಕುಡಿದರೆ ಇನ್ನಷ್ಟು ಭಾರ. ಹಾಸಿಗೆ ಮೇಲೆ ಹರಡಿದ ಒಣ ಸ್ವಾಚ್ ಇದ್ಯಾವುದನ್ನೂ ಹೇಳಲಿಲ್ಲ. ನೀರು ಕಂಡು, ತೂಗಾಡಿ ಬಂದ ತುಂಡು ಹೇಳಿತು.

ಎರಡು ಸಂಜೆ ಕೂತು ಕೊರಳಿನವರೆಗೂ ಬಿಚ್ಚಿದೆ. ಬಿಚ್ಚಿದ ನೂಲು ಸುರುಳಿಸುರುಳಿಯಾಗಿ ನೂಡಲ್ಸ್ ಥರ ಇತ್ತು. ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ನೆನೆಸಿ, ಒಣಗಿಸಿ, ಮತ್ತೆ ಉಂಡೆ ಮಾಡಿದೆ. ಹಾಗೆ ಮಾಡದಿದ್ದರೆ ಹೊಸ ಸ್ಟಿಚ್‌ಗಳು ಒಂದು ದೊಡ್ಡದು ಒಂದು ಚಿಕ್ಕದು ಬರುತ್ತವೆ.

ಏಪ್ರಿಲ್ 27

ಹೊಸ ಲೆಕ್ಕ. ಭುಜದ ಮೇಲಿಂದ ಕಂಕುಳವರೆಗೆ ನನಗೆ ಬೇಕಾದ್ದು ಹದಿನೆಂಟೂವರೆ ಸೆಂ.ಮೀ. ಸೆಂ.ಮೀ.ಗೆ 2.8 ಸುತ್ತು ಎಂದರೆ 52 ಸುತ್ತು. ಹೆಚ್ಚಿಸುವುದು ಎರಡು ಸುತ್ತಿಗೊಮ್ಮೆ, 26 ಸಲ. ಅದೂ 52ಕ್ಕೇ ಮುಗಿಯುತ್ತದೆ! ಅಂದರೆ ಕೊನೆಯ 8 ಸಾದಾ ಸುತ್ತುಗಳನ್ನು ಬಿಟ್ಟರೆ ಸಾಕು, ಸ್ಟಿಚ್ ಸಂಖ್ಯೆ ಎಲ್ಲೂ ಬದಲಾಗುವುದಿಲ್ಲ. ಮುಂಭಾಗ, ಹಿಂಭಾಗ ನೂರು-ನೂರು. ಕಂಕುಳಲ್ಲಿ ಎರಡೂ ಬದಿ ಎಂಟೆಂಟು ಹೊಸ ಸ್ಟಿಚ್ ಸೇರಿಸಿದರೆ ಸುತ್ತಲೂ 216. ತೋಳು 76 ಸ್ಟಿಚ್, ಅಂದರೆ ಮೂವತ್ತನಾಲ್ಕೂವರೆ ಸೆಂ.ಮೀ. 30ರ ತೋಳಿಗೆ ಗಾಳಿ ಆಡುವಷ್ಟು ಜಾಗ.

ಕಂಕುಳಿಂದ 20 ಸುತ್ತು ಇಳಿಸಿ, ಈ ಸಲ ಮೊದಲು ತೊಳೆದು, ತೂಗುಬಿಟ್ಟು, ಆಮೇಲೆ ತೊಟ್ಟು ನೋಡಿದೆ. ಕೈ ಎತ್ತಿದರೆ ಅಂಚು 4 ಸೆಂ.ಮೀ. ಮೇಲೇರುತ್ತದೆ. ಏಳರಿಂದ ನಾಲ್ಕಕ್ಕೆ! ಅಕ್ಕನಿಗೆ ಫೋನ್ ಮಾಡಿಯೇ ಹೇಳಿದೆ.

ಈ 20 ಸುತ್ತಿನಲ್ಲೇ ಎದೆಯ ಅಗಲವನ್ನೂ ಸೇರಿಸಿಬಿಟ್ಟಿದ್ದೆ. 98ರ ಟಾಪು 97ರ ಎದೆಗೆ ತೀರಾ ಅಂಟಿಕೊಳ್ಳುತ್ತದೆ. ಮುಂಭಾಗದ ಎರಡೂ ಬದಿಯಲ್ಲಿ ನಾಲ್ಕು ಸುತ್ತಿಗೊಮ್ಮೆ ಒಂದೊಂದು ಸ್ಟಿಚ್, ಹೀಗೆ ನಾಲ್ಕು ಸಲ. ಒಟ್ಟು 8 ಸ್ಟಿಚ್, ಮುಂಭಾಗ ಈಗ 116. ಸುತ್ತಲೂ 224, ಅಂದರೆ ಸುಮಾರು 102 ಸೆಂ.ಮೀ. ಹಿಂಭಾಗ 108ರಲ್ಲೇ ಇದೆ, ಬೆನ್ನಿನಲ್ಲಿ ಜೋಲು ಬೀಳಲಿಲ್ಲ.

ಮೇ 3

ಇವತ್ತು ಬರೀ ಶಾರ್ಟ್ ರೋ, ಅಂದರೆ ಕೊನೆ ಮುಟ್ಟದೆ ನಡುವೆಯೇ ತಿರುಗುವ ಗಿಡ್ಡ ಸಾಲುಗಳು. ನನಗೆ ಇಡೀ ಟಾಪಿನಲ್ಲಿ ಅತಿ ಇಷ್ಟವಾದ ಭಾಗ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಗಲ ಕೊಟ್ಟರೆ ಮುಗಿಯಲಿಲ್ಲ, ಎದೆಗೆ ಉದ್ದವೂ ಬೇಕು. ಭುಜದಿಂದ ಸೊಂಟಕ್ಕೆ ಬೆನ್ನ ಮೇಲೆ ಟೇಪು ಇಳಿಬಿಟ್ಟರೆ ಒಂದು ಅಳತೆ, ಮುಂದೆ ಎದೆಯ ಮೇಲಿಂದ ಇಳಿಬಿಟ್ಟರೆ ಇನ್ನೊಂದು. ನನ್ನಲ್ಲಿ ವ್ಯತ್ಯಾಸ 4 ಸೆಂ.ಮೀ. ಅದನ್ನು ಕೊಡದಿದ್ದರೆ ಟಾಪಿನ ಮುಂದಿನ ಅಂಚು ಮೇಲಕ್ಕೆ ಏರಿ ನಿಲ್ಲುತ್ತದೆ, ಎದೆಯಿಂದ ಬದಿಗೆ ಓರೆ ನೆರಿಗೆ ಬೀಳುತ್ತದೆ. ಹತ್ತಿ ಸ್ವಲ್ಪ ಚಾಚುತ್ತದೆಂದು ಮೂರೂವರೆ ಸೆಂ.ಮೀ. ಲೆಕ್ಕ ಹಿಡಿದೆ. 2.8ರಿಂದ ಗುಣಿಸಿದರೆ 9.8, ಅಂದರೆ 10 ಸಾಲು, ಐದು ಜೋಡಿ.

ಮುಂಭಾಗದ 116ರಲ್ಲಿ, ಬದಿಗೆ 6 ಸ್ಟಿಚ್ ಉಳಿದಿರುವಾಗ ಹೆಣಿಗೆಯನ್ನು ತಿರುಗಿಸುತ್ತೇನೆ. ನೂಲನ್ನು ಮುಂದಕ್ಕೆ ತಂದು, ಮೊದಲ ಸ್ಟಿಚ್ಚನ್ನು ಹೆಣೆಯದೆ ಬಲಗಡೆ ಕಡ್ಡಿಗೆ ದಾಟಿಸಿ, ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಬಿಗಿಯಾಗಿ ಎಳೆದರೆ ಆ ಒಂದು ಸ್ಟಿಚ್‌ಗೆ ಎರಡು ಕಾಲು ಕಾಣಿಸುತ್ತವೆ. ಇದೇ ಜರ್ಮನ್ ಶಾರ್ಟ್ ರೋ. ಇನ್ನೊಂದು ಬದಿಗೂ 6 ಉಳಿಸಿ ತಿರುಗು. ಮುಂದಿನ ಜೋಡಿ ಅದಕ್ಕಿಂತ 5 ಸ್ಟಿಚ್ ಒಳಗೆ: 11, ಆಮೇಲೆ 16, 21, 26. ಕೊನೆಯ ಸಾಲಿನಲ್ಲಿ ಉಳಿಯುವುದು ನಡುವಿನ 64 ಸ್ಟಿಚ್, 29 ಸೆಂ.ಮೀ. ಇದಕ್ಕಿಂತ ಒಳಗೆ ಹೋಗಬಾರದು. ಎದೆಯ ತುದಿಗಿಂತ ಹೊರಗೇ ತಿರುವು ಮುಗಿಯಬೇಕು, ಇಲ್ಲದಿದ್ದರೆ ನಡುವೆ ಚುಂಚಿನ ಹಾಗೆ ಎದ್ದು ನಿಲ್ಲುತ್ತದೆ. ಕೊನೆಗೆ ಪೂರ್ತಿ ಸುತ್ತು ಹೆಣೆಯುವಾಗ ಎರಡು ಕಾಲನ್ನೂ ಒಟ್ಟಿಗೆ ಹಿಡಿದು ಒಂದೇ ಸ್ಟಿಚ್ ಮಾಡಬೇಕು.

ಶುರು ಮಾಡುವ ಮೊದಲು ಆ ಸುತ್ತಿನ ಎಲ್ಲಾ ಸ್ಟಿಚ್‌ಗಳ ಒಳಗಿಂದ ಕೆಂಪು ಹೊಲಿಗೆ ದಾರ ಹಾಯಿಸಿಟ್ಟಿದ್ದೆ. ತಪ್ಪಿದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಮೂರನೇ ಜೋಡಿಯಲ್ಲಿ ಎಣಿಕೆ ತಪ್ಪಿ ಒಂದು ಸಲ ಬೇಕೂ ಆಯಿತು. ಪಕ್ಕದ ಮನೆಯ ಕಾಕು, ನಲವತ್ತು ವರ್ಷ ಸ್ವೆಟರ್ ಹೆಣೆದವರು, ಬಾಗಿಲಲ್ಲಿ ನಿಂತು ಟಾಕೆ (ಸ್ಟಿಚ್) ಎಣಿಸಿಕೊಟ್ಟರು.

ಕೆಳಗೆ ಹರಡಿದಾಗ ಮುಂಭಾಗ ಸಣ್ಣ ಬಟ್ಟಲಿನ ಹಾಗೆ ಉಬ್ಬಿದೆ. ತೊಟ್ಟರೆ ಆ ಉಬ್ಬು ಕಾಣುವುದೇ ಇಲ್ಲ. ಅಂಚು ಸುತ್ತಲೂ ನೆಲಕ್ಕೆ ಸಮವಾಗಿದೆ. ಬಹಳ ಹೊತ್ತು ಕನ್ನಡಿ ಮುಂದೆಯೇ ನಿಂತಿದ್ದೆ.

ಮೇ 19

ಕಂಕುಳಿಂದ 90 ಸುತ್ತು, 32 ಸೆಂ.ಮೀ. ಕೊನೆಯ 10 ಸುತ್ತು 3.5 ಮಿ.ಮೀ. ಕಡ್ಡಿಯಲ್ಲಿ ರಿಬ್, ಅಂಚು ಹಿಡಿದುಕೊಳ್ಳುವ ಗೆರೆಗೆರೆ ಹೆಣಿಗೆ. ತೋಳಿಗೂ ಅಷ್ಟೇ ರಿಬ್, ಬೇರೆ ಉದ್ದ ಬೇಡ.

ಕೊರಳ ಹಿಂಭಾಗ ತಲೆನೋವು ಕೊಟ್ಟಿತು. ಟಾಪಿನ ಭಾರವೆಲ್ಲಾ ತೂಗುವುದು ಅಲ್ಲಿಂದ. ಎರಡನೇ ತೊಳೆತಕ್ಕೇ ಅಗಲವಾಗಿ ಭುಜದ ಕಡೆ ಜಾರಲು ಶುರುವಾಯಿತು. ಕ್ರೋಶೆ ಕಡ್ಡಿಯಿಂದ ಹಿಂಗೊರಳಿನ ಒಳಗಡೆ, ಒಂದು ಭುಜದಿಂದ ಇನ್ನೊಂದಕ್ಕೆ, ಬಿಗಿಯಾಗಿ ಸರಪಳಿಯಂಥ ಒಂದು ಸಾಲು ಸ್ಲಿಪ್ ಸ್ಟಿಚ್ ಹಾಕಿದೆ. ಹೊರಗಿಂದ ಏನೂ ಕಾಣುವುದಿಲ್ಲ. ಕ್ರೋಶೆ ಸರಪಳಿ ಚಾಚುವುದಿಲ್ಲ, ಕೊರಳನ್ನು ಅದೇ ಹಿಡಿದುಕೊಳ್ಳುತ್ತದೆ.

ಏಳು ಉಂಡೆ ಖರ್ಚಾಯಿತು. ಅಡುಗೆಮನೆ ತಕ್ಕಡಿಯಲ್ಲಿ 344 ಗ್ರಾಂ.

ಮೇ 22

ಹಾಕಿಕೊಂಡು ಆಫೀಸಿಗೆ ಹೋದೆ. ಠಾಣೆ ದಾಟುವವರೆಗೆ ಸೀಟಿಲ್ಲ. ಬಲಗೈ ಹಿಡಿಕೆಯಲ್ಲಿ, ಎಡಗೈಯಲ್ಲಿ ಬ್ಯಾಗು. ಒಮ್ಮೆಯೂ ಟಾಪನ್ನು ಕೆಳಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲಿಲ್ಲ ಅನ್ನುವುದು ದಾದರ್ ಬಂದ ಮೇಲೆ ನೆನಪಾಯಿತು. ಅಕ್ಕ ಎದುರಿಗೇ ನಿಂತಿದ್ದರು, "ಕೂತಿದೆ ಈಗ" ಅಂದರು.

ಸಂಜೆ ಮನೆಗೆ ಬಂದು ಅಳೆದೆ. ಬೆಳಗಿಗಿಂತ ಒಂದೂವರೆ ಸೆಂ.ಮೀ. ಇಳಿದಿದೆ. ಬೆವರು, ಭಾರ, ಇಡೀ ದಿನ. ತೊಳೆದು ಈ ಸಲ ತೂಗುಹಾಕದೆ ಚಾಪೆಯ ಮೇಲೆ ಹರಡಿ, ಕೈಯಿಂದ ಉದ್ದವನ್ನು ಕೂಡಿಸಿ ಒಣಗಿಸಿದೆ. ಬೆಳಿಗ್ಗೆ ವಾಪಸ್ ತನ್ನ ಅಳತೆಗೆ ಬಂದಿತ್ತು.

ಜೂನ್ 14

ಮಳೆ ಹಿಡಿದಿದೆ. ಒಂದು ಹಗಲಿಗೆ ಒಣಗುತ್ತಿದ್ದ ಟಾಪಿಗೆ ಈಗ ಫ್ಯಾನ್ ಕೆಳಗೆ ಎರಡು ದಿನ. ನಡುವೆ ತಿರುಗಿಸಿ ಹಾಕದಿದ್ದರೆ ಮುಗ್ಗುಲು ವಾಸನೆ. ನಾಲ್ಕು ಸಲ ತೊಳೆದಾಗಿದೆ. ಕಂಕುಳು ಕದಲಿಲ್ಲ, ಕೊರಳೂ ಹಾಗೆಯೇ ಇದೆ. ತೋಳಿನ ರಿಬ್ ಮಾತ್ರ ಸಡಿಲವಾಗಿದೆ. ಬಿಚ್ಚಿ, 3 ಮಿ.ಮೀ. ಕಡ್ಡಿಯಲ್ಲಿ ಮತ್ತೆ ಹೆಣೆಯಬೇಕು.

ಅಕ್ಕನಿಗೂ ಒಂದು ಹೆಣೆಯುತ್ತಿದ್ದೇನೆ. ದುಡ್ಡು ಕೊಡಲು ಬಂದರು, ನಾನು ಬೇಡ ಅಂದೆ, ಬದಲಿಗೆ ಊರಿನ ಹಪ್ಪಳ ತಂದುಕೊಡುತ್ತಾರಂತೆ. ಅವರ ಅಳತೆ: ಎದೆಯ ಮೇಲ್ಭಾಗ 94, ತುಂಬು ಎದೆ 96, ಮುಂದೆ-ಹಿಂದೆ ವ್ಯತ್ಯಾಸ ಒಂದೇ ಸೆಂ.ಮೀ. ಅವರಿಗೆ ಶಾರ್ಟ್ ರೋ ಬೇಡ. ಎಡ ಭುಜ ಬಲಕ್ಕಿಂತ ಸ್ವಲ್ಪ ಇಳಿಜಾರು, ವರ್ಷಗಟ್ಟಲೆ ಬ್ಯಾಗು ಹೊತ್ತಿದ್ದಕ್ಕೆ ಅನ್ನುತ್ತಾರೆ. ಕೈ ಎತ್ತಿಸಿ, ಎರಡೂ ಕಡೆ ಬೇರೆ ಬೇರೆ ಅಳೆದುಕೊಂಡೆ. ಕಡುನೀಲಿ ನೂಲಿನ ಸ್ವಾಚ್ ಎರಡು ಚಮಚ ಕಟ್ಟಿಕೊಂಡು ಫ್ಯಾನ್ ಕೆಳಗೆ ತೂಗುತ್ತಿದೆ. ನಾಳಿದ್ದು ಸಂಜೆ ಸಾಲು ಎಣಿಸುತ್ತೇನೆ.