ಬೋರ್ಡೋಗೆ ಹೊರಟಿದ್ದೀರಾ? ಮೊದಲು ಬಿಡಿಬಿಡಿಯಾಗಿ ಕುಡಿದು ನೋಡಿ, ಆಮೇಲೆ ಬೆರೆಸಿದ್ದು

ನಮ್ಮ ಕಡೆ ಬೋರ್ಡೋ ಅಂದರೆ ವೈನ್ ಅಲ್ಲ, ಔಷಧಿ. ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟ. ಮಳೆಗಾಲ ಜೋರಾಗುವ ಮೊದಲು ಮೈಲುತುತ್ತ, ಸುಣ್ಣ ಕದಡಿ ಗೊನೆಗಳಿಗೆ ಹೊಡೆಸದಿದ್ದರೆ ಕೊಳೆರೋಗ ಬಂದು ಫಸಲು ನೆಲಕ್ಕೆ ಉದುರುತ್ತದೆ. "ಬೋರ್ಡೋ ಹೊಡೆದಾಯ್ತಾ?" ಅನ್ನುವ ಮಾತು ಕೇಳಿಯೇ ನಾನು ಬೆಳೆದದ್ದು. ಅದು ಫ್ರಾನ್ಸಿನ ಒಂದು ಊರಿನ ಹೆಸರು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಆ ಕಥೆಯೂ ಚೆನ್ನಾಗಿದೆ. ಬೋರ್ಡೋ ಪಕ್ಕದ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಸೇರಿಸಿ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನುವುದನ್ನು 1882ರಲ್ಲಿ ಗಮನಿಸಿದವರು ಮಿಲಾರ್ಡೆ ಎಂಬ ಪ್ರೊಫೆಸರ್. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದೇ ಔಷಧಿಯನ್ನು ಅಡಿಕೆಯ ಕೊಳೆರೋಗಕ್ಕೆ ಬಳಸಲು ಹೇಳಿಕೊಟ್ಟರು. ಹಾಗಾಗಿ ಅಕ್ಕ, ಭಾವ ಕೆಲಸಕ್ಕೆ ಅಂತ ಫ್ರಾನ್ಸಿನ ಟುಲೂಸ್‌ನಲ್ಲಿ ನೆಲೆಸಿದ ಮೇಲೆ ನನಗೆ ಮೊದಲು ನೋಡಬೇಕು ಅನ್ನಿಸಿದ್ದು ಪ್ಯಾರಿಸ್ ಅಲ್ಲ, ಬೋರ್ಡೋ.

ಅಕ್ಟೋಬರ್ ಮೊದಲ ವಾರ ನಾನು, ನನ್ನ ಹೆಂಡತಿ, ಅಕ್ಕ, ಭಾವ ನಾಲ್ಕು ದಿನ ಹೋಗಿ ಬಂದೆವು. ಟುಲೂಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಪ್ಯಾರಿಸ್ ಕಡೆಯಿಂದ ಬರುವವರಿಗೂ ಹೆಚ್ಚುಕಮ್ಮಿ ಅಷ್ಟೇ. 2017ರಲ್ಲಿ ಹೊಸ ಮಾರ್ಗ ಆದ ಮೇಲೆ ಮೊಂಪಾರ್ನಾಸ್ ಸ್ಟೇಷನ್ನಿಂದ ಎರಡು ಗಂಟೆ ಚಿಲ್ಲರೆಯಲ್ಲಿ ತಲುಪಬಹುದು. ಟಿಕೆಟ್ ಮಾತ್ರ ಮುಂಚೆಯೇ ಮಾಡಿಸಿ, ದಿನ ಹತ್ತಿರ ಬಂದಷ್ಟೂ ದರ ಏರುತ್ತದೆ.

ಮೊದಲ ದಿನವೇ ಒಂದು ತಪ್ಪು ಮಾಡಿದೆವು. ಅದನ್ನು ಮೊದಲು ಹೇಳಿಬಿಡುತ್ತೇನೆ, ನಿಮ್ಮ ಒಂದು ದಿನ ಉಳಿಯಲಿ. ಅವತ್ತು ಭಾನುವಾರ. ದ್ರಾಕ್ಷಿ ತೋಟದ ಊರು ತಾನೇ, ಹೋದರೆ ಯಾರಾದರೂ ತೋರಿಸುತ್ತಾರೆ ಅಂದುಕೊಂಡು ಸುಮ್ನೆ ಸೇಂಟ್ ಎಮಿಲಿಯನ್ ರೈಲು ಹತ್ತಿದೆವು. ಮೊದಲು ಹೋದ ತೋಟದ ಗೇಟಿಗೆ ಬೀಗ. ಇನ್ನೊಂದು ಕಡೆ ಒಬ್ಬರು ಹೊರಗೆ ಬಂದು, ಬುಕಿಂಗ್ ಇಲ್ಲದೆ ಆಗುವುದಿಲ್ಲ, ಇದು ಕೊಯ್ಲಿನ ಸಮಯ ಅಂದರು. ಅವರ ಕೈ ಮೊಣಕೈವರೆಗೂ ನೇರಳೆ ಬಣ್ಣವಾಗಿತ್ತು. ನಮ್ಮಲ್ಲೂ ಅಡಿಕೆ ಕೊನೆ ತೆಗೆಯುವ ದಿನ ಯಾರಾದರೂ ತೋಟ ನೋಡಲು ಬಂದರೆ ಹೀಗೇ ಅಲ್ವಾ? ವಾಪಸ್ ಬರುವಾಗ ಎರಡೇ ನಿಮಿಷದಲ್ಲಿ ರೈಲು ತಪ್ಪಿತು. ಆ ಸ್ಟೇಷನ್ನಿನಲ್ಲಿ ಚಹಾ ಅಂಗಡಿ ಕೂಡ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಒಂದೂವರೆ ಗಂಟೆ ನಿಂತೆವು. ಆದ್ದರಿಂದ ವೈನ್ ತೋಟಗಳನ್ನು ಕನಿಷ್ಠ ಒಂದು ವಾರ ಮೊದಲೇ ಬುಕ್ ಮಾಡಿ. ಇಂಗ್ಲಿಷ್‌ನಲ್ಲಿ ವಿವರಿಸುವ ಸಮಯ ಯಾವುದು ಅಂತ ಕೇಳಿಕೊಳ್ಳಿ. ಭಾನುವಾರ ಬೇಡ. ಸಂಜೆಯ ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ಮರುದಿನ ಬೋರ್ಡೋ ನಗರದಲ್ಲೇ ಉಳಿದೆವು. ವೈನ್ ಬಗ್ಗೆ ಏನೂ ಗೊತ್ತಿಲ್ಲದವರು 'ಸಿತೆ ದ್ಯು ವ್ಯಾಂ' ಅನ್ನುವ ವೈನ್ ಮ್ಯೂಸಿಯಂನಿಂದ ಶುರು ಮಾಡುವುದು ಒಳ್ಳೆಯದು. 2016ರಲ್ಲಿ ತೆರೆದದ್ದು. ಟ್ರಾಮ್ ಬಿ ಲೈನ್ ಅದರ ಬಾಗಿಲಿಗೇ ಹೋಗುತ್ತದೆ. ಟಿಕೆಟ್‌ನಲ್ಲೇ ಎಂಟನೇ ಮಹಡಿಯಲ್ಲಿ ಒಂದು ಗ್ಲಾಸ್ ವೈನ್ ಸೇರಿರುತ್ತದೆ. ಕುಡಿಯದವರಿಗೆ ದ್ರಾಕ್ಷಿ ರಸ ಕೊಡುತ್ತಾರೆ. ಭಾವ ಕುಡಿಯುವುದಿಲ್ಲ, ಅವರಿಗೆ ಆ ರಸವೇ ತುಂಬಾ ಹಿಡಿಸಿತು. ಸಂಜೆ ಪ್ರವಾಸಿ ಕಚೇರಿಯ ಎದುರಿಗಿರುವ 'ಬಾರ್ ಆ ವ್ಯಾಂ'ಗೆ ಹೋದೆವು. ಬೋರ್ಡೋ ವೈನ್ ಬೆಳೆಗಾರರು, ವ್ಯಾಪಾರಿಗಳು ಸೇರಿದ ಮಂಡಳಿಯೇ ನಡೆಸುವ ಜಾಗ. ಕೆಲವೇ ಯೂರೋ ಕೊಟ್ಟರೆ ಒಳ್ಳೆಯ ಗ್ಲಾಸ್ ಸಿಗುತ್ತದೆ. ದುಬಾರಿ ರೆಸ್ಟೋರೆಂಟಿಗಿಂತ ನನಗೆ ಇದೇ ಇಷ್ಟವಾಯಿತು.

ಆದರೆ ನಿಜವಾಗಿ ಕಣ್ಣು ತೆರೆಸಿದ್ದು ಮೂರನೇ ದಿನ.

ಈ ಸಲ ಬುಕ್ ಮಾಡಿಯೇ ಮತ್ತೆ ಸೇಂಟ್ ಎಮಿಲಿಯನ್‌ಗೆ ಹೋದೆವು. ಬೋರ್ಡೋ ಸೇಂಟ್ ಜಾನ್ ಸ್ಟೇಷನ್ನಿಂದ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ದಾರಿಯಲ್ಲಿ ಲಿಬೋರ್ನ್ ಎಂಬ ಊರು ಬರುತ್ತದೆ. ನಮ್ಮ ದೊಡ್ಡಬಳ್ಳಾಪುರದ ಗ್ರೋವರ್ ವೈನ್ ತೋಟಕ್ಕೆ 1990ರ ದಶಕದಿಂದ ಸಲಹೆ ಕೊಟ್ಟ ಮಿಷೆಲ್ ರೋಲಾಂ ಹುಟ್ಟಿದ ಊರು ಅದು. ಪ್ರವಾಸಕ್ಕೆ ಮುಂಚೆ ನಂದಿ ಬೆಟ್ಟದ ಬುಡದ ಆ ತೋಟಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ 'ಲಾ ರಿಸರ್ವ್' ಕೂಡ ಎರಡು ದ್ರಾಕ್ಷಿ ಬೆರೆಸಿದ ಕೆಂಪು ವೈನ್. ನಾಲಿಗೆಗೆ ಸ್ವಲ್ಪ ಅಭ್ಯಾಸ ಆಗಿರುತ್ತದೆ.

ಸ್ಟೇಷನ್ನಿಂದ ಊರಿಗೆ ಒಂದೂವರೆ ಕಿಲೋಮೀಟರ್ ನಡಿಗೆ. ಎರಡೂ ಬದಿ ದ್ರಾಕ್ಷಿ. ಒಂದು ಕಡೆ ಎಲೆಗಳ ಮೇಲೆ ತಿಳಿ ನೀಲಿ ಕಲೆ ಕಂಡವು. ಅಡಿಕೆ ಸೋಗೆಯ ಮೇಲೆ ಬೋರ್ಡೋ ಒಣಗಿದಾಗ ಕಾಣುವ ಅದೇ ನೀಲಿ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಎಷ್ಟು ಪರ್ಸೆಂಟ್ ಹೊಡೀತಾರಂತೆ ಕೇಳು."

ನಾವು ಬುಕ್ ಮಾಡಿದ್ದು ಬರೀ ತೋಟ ನೋಡುವುದನ್ನಲ್ಲ, ನಾವೇ ವೈನ್ ಬೆರೆಸುವ ಒಂದು ತರಗತಿಯನ್ನು. ಅಲ್ಲಿ ಇದಕ್ಕೆ 'ಅಸೆಂಬ್ಲಾಜ್' ಅನ್ನುತ್ತಾರೆ. ನಿಮಗೆ ಸಮಯ, ದುಡ್ಡು ಎರಡೂ ಕಡಿಮೆ ಇದ್ದು ಒಂದೇ ಒಂದು ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ. ನೆಲಮಾಳಿಗೆಗೆ ಕಾಲಿಟ್ಟ ಕೂಡಲೇ ನನಗೆ ಗೊತ್ತಿರುವ ವಾಸನೆ ಬಂತು. ಕಾಫಿ ಹಣ್ಣು ಪಲ್ಪರ್‌ಗೆ ಹಾಕಿದ ಮೇಲೆ ತೊಟ್ಟಿಯಿಂದ ಏಳುತ್ತದಲ್ಲ, ಸಿಹಿ ಮತ್ತು ಹುಳಿ ಬೆರೆತ ವಾಸನೆ, ಅದೇ.

ಮೇಜಿನ ಮೇಲೆ ಮೂರು ಗ್ಲಾಸ್, ಒಂದು ಅಳತೆ ಜಾಡಿ. ಮೂರೂ ಬೆರೆಸದ ವೈನ್, ಒಂದೊಂದೂ ಒಂದೊಂದು ದ್ರಾಕ್ಷಿ ತಳಿಯದ್ದು. ಮೊದಲನೆಯದು ಮೆರ್ಲೋ. ಮೆತ್ತಗಿತ್ತು, ಹಣ್ಣಾದ ಪ್ಲಮ್ ನೆನಪಾಯಿತು. ಬಾಯಿ ತುಂಬಿತು, ಆದರೆ ನುಂಗಿದ ತಕ್ಷಣ ರುಚಿ ಮಾಯ. ಎರಡನೆಯದು ಕ್ಯಾಬರ್ನೆ ಫ್ರಾಂ. ತೆಳು, ಆದರೆ ಮೂಗಿಗೆ ಎಷ್ಟೊಂದು! ಹೂವು, ಹಸಿ ಎಲೆ, ಆಗ ತಾನೇ ಕೊಯ್ದ ದೊಣ್ಣೆ ಮೆಣಸಿನಕಾಯಿ. ಮೂರನೆಯದು ಕ್ಯಾಬರ್ನೆ ಸೋವಿನ್ಯೋಂ. ಕಪ್ಪಗೆ ನೇರಳೆ ಹಣ್ಣಿನ ಬಣ್ಣ, ನೇರಳೆಯದ್ದೇ ಒಗರು. ಒಂದು ಗುಟುಕಿಗೆ ಒಸಡೆಲ್ಲ ಬಿಗಿದುಕೊಂಡಿತು.

ವೈನ್ ಜನ ಮಾತುಮಾತಿಗೆ 'ಟ್ಯಾನಿನ್' ಅನ್ನುತ್ತಾರೆ. ನಮಗೆ ಅದು ಕಷ್ಟದ ಪದವೇ ಅಲ್ಲ. ಒಗರು, ಅಷ್ಟೇ. ಎಳೆ ಅಡಿಕೆ ಹೋಳು ಅಗಿದಾಗ ನಾಲಿಗೆ ಒಣಗುತ್ತದಲ್ಲ, ಅದು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ನೇರಳೆ, ನೆಲ್ಲಿಕಾಯಿ, ಅಡಿಕೆ ತಿಂದು ಬೆಳೆದ ನಾಲಿಗೆ ಇದನ್ನು ಬೇಗ ಹಿಡಿಯುತ್ತದೆ.

ಆಮೇಲೆ ಬೆರೆಸಿದೆವು. ನಾನು ಮೆರ್ಲೋ, ಸೋವಿನ್ಯೋಂ ಅರ್ಧರ್ಧ ಹಾಕಿದೆ. ಒರಟಾಯಿತು. ನನ್ನ ಹೆಂಡತಿ 70 ಭಾಗ ಮೆರ್ಲೋ, 20 ಫ್ರಾಂ, 10 ಸೋವಿನ್ಯೋಂ ಹಾಕಿದಳು. ಅದನ್ನು ಕುಡಿದಾಗ ಮೂರರಲ್ಲಿ ಯಾವುದೂ ಬೇರೆಯಾಗಿ ಕಾಣಲಿಲ್ಲ, ಆದರೆ ಮೂರೂ ಇದ್ದವು. ಮೆತ್ತಗೆ ಶುರುವಾಗಿ, ಪರಿಮಳ ಏರಿ, ಕೊನೆಗೆ ಒಗರು ನಿಂತಿತು. "ಇದು ನಮ್ಮ ಕಾಫಿಪುಡಿ ಲೆಕ್ಕ ಕಣೋ" ಅಂದಳು ಅಕ್ಕ. ಪರಿಮಳಕ್ಕೆ ಅರೇಬಿಕಾ, ಗಟ್ಟಿಗೆ ರೋಬಸ್ಟಾ. ಅಂಗಡಿಯಲ್ಲಿ ನಿಂತು ಅದು ಇಷ್ಟು, ಇದು ಇಷ್ಟು ಅಂತ ಹೇಳಿ ಪುಡಿ ಮಾಡಿಸುವ ನಮಗೆ ಇದಕ್ಕಿಂತ ಸರಿಯಾದ ಹೋಲಿಕೆ ಸಿಗುವುದಿಲ್ಲ.

ಬೆರಕೆ ಅಂದರೆ ನಮ್ಮಲ್ಲಿ ಕೀಳು ಅರ್ಥ ಬಂದುಬಿಟ್ಟಿದೆ. ಬೋರ್ಡೋದಲ್ಲಿ ಬೆರೆಸುವುದೇ ವೈನ್ ಮಾಡುವವರ ದೊಡ್ಡ ಕೆಲಸ. ಅದರ ಹಿಂದೆ ರುಚಿಯ ಜೊತೆ ಹೊಟ್ಟೆಪಾಡಿನ ಲೆಕ್ಕವೂ ಇದೆ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ವಸಂತದಲ್ಲಿ ಹಿಮ ಬಿದ್ದರೆ ಮೊದಲು ಹೊಡೆತ ಅದಕ್ಕೆ. ಸೋವಿನ್ಯೋಂ ತಡವಾಗಿ ಹಣ್ಣಾಗುತ್ತದೆ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಷ್ಟ ಅದಕ್ಕೆ. ಎರಡನ್ನೂ ಬೆಳೆದರೆ ಒಂದಾದರೂ ಕೈ ಹಿಡಿಯುತ್ತದೆ. ಅಡಿಕೆ ನಡುವೆ ಕಾಫಿ, ಮರಕ್ಕೆ ಮೆಣಸು ಹಬ್ಬಿಸುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ತಿಳಿದ ಮೇಲೆ ಎಡದಂಡೆ, ಬಲದಂಡೆ ಅನ್ನುವ ಮಾತೂ ಸುಲಭ. ಗರೋನ್ ನದಿ ಮತ್ತು ಜಿರೋಂದ್ ಅಳಿವೆಯ ಎಡಕ್ಕೆ ಮೆಡಾಕ್. ಅಲ್ಲಿ ಜಲ್ಲಿಕಲ್ಲಿನ ನೆಲ, ಬಿಸಿ ಹಿಡಿದಿಡುತ್ತದೆ. ಹಾಗಾಗಿ ತಡವಾಗಿ ಹಣ್ಣಾಗುವ ಸೋವಿನ್ಯೋಂ ಅಲ್ಲಿ ಜಾಸ್ತಿ, ವೈನ್ ಒಗರು. ಡೋರ್ಡೋನ್ಯ್ ನದಿಯ ಬಲಕ್ಕೆ ಸೇಂಟ್ ಎಮಿಲಿಯನ್, ಪೊಮೆರೋಲ್. ಅಲ್ಲಿ ಜೇಡಿ ಮತ್ತು ಸುಣ್ಣಕಲ್ಲಿನ ತಂಪು ನೆಲ. ಮೆರ್ಲೋ ಜಾಸ್ತಿ, ವೈನ್ ಮೆದು. ಮೊದಲ ಸಲ ಹೋಗುವವರು ಬಲದಂಡೆ ಆರಿಸಿಕೊಳ್ಳಿ ಅನ್ನುತ್ತೇನೆ. ಕುಡಿಯಲೂ ಹಿತ, ರೈಲು ಇಳಿದು ನಡೆದೇ ಹೋಗಬಹುದು. ಮೆಡಾಕ್‌ನ ಹೆಸರಾಂತ ತೋಟಗಳು ಡಿ2 ರಸ್ತೆಯುದ್ದಕ್ಕೂ ದೂರ ದೂರ ಇವೆ. ಕಾರು ಬೇಕು, ಓಡಿಸುವವರು ಕುಡಿಯಬಾರದು.

ಸೇಂಟ್ ಎಮಿಲಿಯನ್ ಊರಿಗೆ ಅರ್ಧ ದಿನ ಇಟ್ಟುಕೊಳ್ಳಿ. 1999ರಲ್ಲಿ ಅದರ ಸುತ್ತಲಿನ ದ್ರಾಕ್ಷಿ ಸೀಮೆಯೂ ಸೇರಿ ವಿಶ್ವ ಪರಂಪರೆ ಪಟ್ಟಿಗೆ ಬಂತು. ಇಡೀ ಸುಣ್ಣಕಲ್ಲಿನ ಬಂಡೆಯೊಳಗೆ ಕೊರೆದ ಚರ್ಚ್ ಒಂದಿದೆ. ಬಾದಾಮಿ ಗುಹೆ ನೋಡಿದವರಿಗೆ ಅದರ ಶ್ರಮ ಅರ್ಥವಾಗುತ್ತದೆ. ಗೈಡ್ ಜೊತೆಗೆ ಮಾತ್ರ ಒಳಗೆ ಬಿಡುತ್ತಾರೆ, ಅದನ್ನೂ ಬುಕ್ ಮಾಡಿ. ಬೀದಿಗಳು ಕಡಿದಾದ ಕಲ್ಲುಹಾಸು. ಮಳೆ ಬಂದರೆ ಜಾರುತ್ತವೆ, ಗಟ್ಟಿ ಶೂ ಹಾಕಿಕೊಳ್ಳಿ.

ರುಚಿ ನೋಡುವಾಗ ಉಗುಳಲು ಸಂಕೋಚ ಬೇಡ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಅಲ್ಲಿನವರೂ ಉಗುಳುತ್ತಾರೆ. ದಿನಕ್ಕೆ ಎರಡು ತೋಟ ಸಾಕು. ಮೂರನೆಯದಕ್ಕೆ ಹೋದಾಗ ನನಗೆ ಎಲ್ಲ ಗ್ಲಾಸೂ ಒಂದೇ ಅನ್ನಿಸಿತು. ಬೆಳಿಗ್ಗೆ ಸೆಂಟ್ ಹಚ್ಚಬೇಡಿ, ಹೋಗುವ ಮುಂಚೆ ಕಾಫಿ, ಅಡಿಕೆ ಬೇಡ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಜೊತೆಗೆ ಚೀಸ್ ಕೊಟ್ಟರೆ ಬಿಡಬೇಡಿ. ಡಿಕಾಕ್ಷನ್‌ಗೆ ಹಾಲು ಬಿದ್ದಾಗ ಕಾಫಿ ಹೇಗೆ ಮೆದುವಾಗುತ್ತದೋ ಹಾಗೆ ಚೀಸ್ ಒಗರನ್ನು ಇಳಿಸುತ್ತದೆ.

ಸಸ್ಯಾಹಾರಿಗಳು ಇದನ್ನು ಗಮನಿಸಿ. ಬೋರ್ಡೋದಲ್ಲಿ ಕೆಂಪು ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕುವುದು ಹಳೆಯ ಪದ್ಧತಿ. 225 ಲೀಟರ್ ಪೀಪಾಯಿಗೆ ಕೆಲವು ಮೊಟ್ಟೆ. ಅದು ತಳಕ್ಕೆ ಇಳಿದ ಮೇಲೆ ವೈನ್ ಬೇರೆ ಮಾಡುತ್ತಾರೆ. ಈಗ ಎಷ್ಟೋ ಕಡೆ ಮೊಟ್ಟೆ ಬಳಸುವುದಿಲ್ಲ. ನಿಮಗೆ ಮುಖ್ಯ ಅಂದರೆ ಕೇಳಿ, ಅಥವಾ ವೀಗನ್ ಅಂತ ಬರೆದ ಬಾಟಲಿ ತಗೊಳ್ಳಿ. ಉಳಿದ ಹಳದಿಯಿಂದಲೇ 'ಕನೆಲೆ' ಎಂಬ ಪುಟ್ಟ ಕೇಕ್ ಹುಟ್ಟಿತು ಅಂತ ಅಲ್ಲಿ ಹೇಳುತ್ತಾರೆ. ಅದರಲ್ಲಿ ರಮ್ ಕೂಡ ಇರುತ್ತದೆ, ಮಕ್ಕಳಿಗೆ ಕೊಡುವ ಮುಂಚೆ ತಿಳಿದಿರಲಿ.

ಬಾಟಲಿ ಕೊಳ್ಳುವಾಗ 'ಗ್ರಾಂ ಕ್ರ್ಯು', ಅಂದರೆ ಶ್ರೇಷ್ಠ ತೋಟದ್ದು, ಅನ್ನುವ ಪದಕ್ಕೆ ಮರುಳಾಗಬೇಡಿ. 'ಸೇಂಟ್ ಎಮಿಲಿಯನ್ ಗ್ರಾಂ ಕ್ರ್ಯು' ಅಂತ ಬರೆಯುವ ತೋಟಗಳು ನೂರಾರು. ಕೊನೆಗೆ 'ಕ್ಲಾಸೆ' ಅಂತ ಇದ್ದರೆ ಮಾತ್ರ ಅದು ಶ್ರೇಣಿಯ ಪಟ್ಟಿಯಲ್ಲಿರುವ ತೋಟ. ಆ ಪಟ್ಟಿ 1955ರಲ್ಲಿ ಶುರುವಾದದ್ದು, ಈಚಿನದು 2022ರದ್ದು. ಮೆಡಾಕ್‌ನದ್ದು 1855ರ ಪಟ್ಟಿ, ಅದರಲ್ಲಿ ಆಮೇಲೆ ಆದ ದೊಡ್ಡ ಬದಲಾವಣೆ ಅಂದರೆ 1973ರಲ್ಲಿ ಮೂತೋಂ ರೋಥ್‌ಶಿಲ್ಡ್ ಎಂಬ ತೋಟ ಮೊದಲ ದರ್ಜೆಗೆ ಏರಿದ್ದು. ನಾವು ಪಟ್ಟಿ ನೋಡಲೇ ಇಲ್ಲ. ಕುಡಿದು ಇಷ್ಟವಾದದ್ದನ್ನು ತಂದೆವು. ದೊಡ್ಡವರಿಗೆ ತಲಾ 2 ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ ಒಬ್ಬರಿಗೆ ಎರಡು ಬಾಟಲಿ. ಚೆಕ್ ಇನ್ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸುತ್ತಿ ಇಟ್ಟೆವು, ನಾಲ್ಕೂ ಕ್ಷೇಮವಾಗಿ ಬಂದವು.

ಮನೆಯಲ್ಲಿ ಕುಡಿಯುವಾಗ 16ರಿಂದ 18 ಡಿಗ್ರಿ ಇರಲಿ. ನಮ್ಮ ಸೆಕೆಗೆ 20 ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ. ಖಾರದ ಸಾರಿನ ಜೊತೆ ಬೇಡ, ಒಗರು ಮತ್ತು ಖಾರ ಸೇರಿ ಬಾಯಿ ಉರಿಯುತ್ತದೆ. ನಾವು ಮೊದಲ ಬಾಟಲಿಯನ್ನು ಬೆಣ್ಣೆಯಲ್ಲಿ ಹುರಿದ ಅಣಬೆಯ ಜೊತೆ ತೆರೆದೆವು. ಅರ್ಧ ಉಳಿಯಿತು. ಕಾರ್ಕ್ ಹಾಕಿಟ್ಟು ಮರುದಿನ ಕುಡಿದಾಗ ಒಗರು ಇಳಿದು, ಕ್ಯಾಬರ್ನೆ ಫ್ರಾಂನ ಆ ಹಸಿ ಎಲೆಯ ಪರಿಮಳ ಇನ್ನಷ್ಟು ಬಿಚ್ಚಿಕೊಂಡಿತ್ತು.