ತಮಿಳು ಬರಲ್ಲ, ಮತ್ತೆ ‘ಮೂಂಡ್ರಾಂ ಪಿರೈ’ ಯಾಕೆ ಅಷ್ಟು ಸಲ?

“ನಿಂಗೆ ತಮಿಳು ಅರ್ಧಂಬರ್ಧ. ಕಥೆ ಬಾಯಿಪಾಠ ಆಗಿದೆ. ಮತ್ತೆ ಅದನ್ನೇ ಹಾಕ್ಕೊಂಡು ಏನ್ ನೋಡ್ತೀಯ?” ಮನೆಯವರೂ ಕೇಳುತ್ತಾರೆ, ಸ್ನೇಹಿತರೂ ಕೇಳುತ್ತಾರೆ. ಬಾಲು ಮಹೇಂದ್ರ ಅವರೇ ನಿರ್ದೇಶಿಸಿ, ಅವರೇ ಕ್ಯಾಮೆರಾ ಹಿಡಿದ 1982ರ ‘ಮೂಂಡ್ರಾಂ ಪಿರೈ’ ಬಗ್ಗೆ ಈ ಮಾತು. ನನ್ನ ಉತ್ತರ: ನಾನು ಬೆಳಕು ನೋಡುತ್ತೇನೆ.

“ಓ, ಊಟಿ ಸೀನರಿನಾ?” ಅನ್ನುತ್ತಾರೆ. ಅದಲ್ಲ. ನೀಲಗಿರಿಯಲ್ಲಿ ಯಾರು ಕ್ಯಾಮೆರಾ ಹಿಡಿದರೂ ಒಂದಿಷ್ಟು ಚಂದ ಸಿಕ್ಕೇ ಸಿಗುತ್ತದೆ. ನನ್ನನ್ನು ಹಿಡಿದು ಕೂರಿಸುವುದು ಮನೆಯೊಳಗಿನ ದೃಶ್ಯಗಳು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮನಸ್ಸು ಮಗುವಿನದಾಗಿರುವ ಹುಡುಗಿ ಶ್ರೀದೇವಿ. ಅವಳನ್ನು ಮನೆಗೆ ಕರೆತಂದು ಸಾಕುವ ಮೇಷ್ಟ್ರು ಚೀನು, ಕಮಲ್ ಹಾಸನ್. ಆ ಮನೆಯೊಳಗೆ ಬೆಳಕು ಕಿಟಕಿಯಿಂದ ಬಂದಷ್ಟೇ ಇದೆ ಅನ್ನಿಸುತ್ತದೆ. ಕೆನ್ನೆಯ ಒಂದು ಬದಿ ಬೆಳಗಿದರೆ ಇನ್ನೊಂದು ಬದಿ ಮೆಲ್ಲಗೆ ನೆರಳಿಗೆ ಜಾರುತ್ತದೆ. ಕೋಣೆಯ ಮೂಲೆ ಕತ್ತಲಾಗಿದ್ದರೆ ಕತ್ತಲಾಗಿಯೇ ಉಳಿಯುತ್ತದೆ. ನಾಯಕಿಯ ಮುಖ ಸದಾ ಹೊಳೆಯಬೇಕೆಂದು ನಾಲ್ಕೂ ಕಡೆಯಿಂದ ಲೈಟು ಸುರಿಯುವ ಸಿನಿಮಾಗಳನ್ನು ನೋಡಿ ಬೆಳೆದವನಿಗೆ ಇದು ಎಂಥ ಸಮಾಧಾನ!

ಊರಿನ ನಮ್ಮ ಮನೆಯಲ್ಲಿ ಅಜ್ಜಿ ಕಿಟಕಿ ಪಕ್ಕ ಕೂತು ಅಡಿಕೆ ಸುಲಿಯುತ್ತಿದ್ದಳು. ಮಳೆಗಾಲದ ಮಧ್ಯಾಹ್ನ ಅವಳ ಕೈ ಬೆರಳುಗಳ ಮೇಲೆ ಮಾತ್ರ ಬೆಳಕು, ಉಳಿದದ್ದೆಲ್ಲ ಮಬ್ಬು. ಅದು ಚಂದ ಎಂದು ನನಗೆ ಹೊಳೆದದ್ದು ಈ ಸಿನಿಮಾ ನೋಡಿದ ಮೇಲೆ.

ಮಂಜಿನದೂ ಇದೇ ಕಥೆ. ಮೋಡ, ಮಂಜು ಬಿಸಿಲನ್ನು ಸೋಸಿ ಕಳಿಸುತ್ತವೆ. ಗಟ್ಟಿ ನೆರಳು ಬೀಳುವುದಿಲ್ಲ, ಹಿಂದಿನ ಮರಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗುತ್ತವೆ. ಹೆಸರಿನ ಅರ್ಥವೂ ತದಿಗೆಯ ಚಂದ್ರ ಎಂದೇ: ಅಮಾವಾಸ್ಯೆ ಕಳೆದ ಮೇಲಿನ ಎಳೆ ಬೆಳಕು.

ಬಾಲು ಮಹೇಂದ್ರ ನಮಗೆ ಹೊರಗಿನವರೂ ಅಲ್ಲ. ಅವರು ಮೊದಲು ನಿರ್ದೇಶಿಸಿದ್ದೇ ಕನ್ನಡದಲ್ಲಿ, 1977ರ ಕಪ್ಪುಬಿಳುಪಿನ ‘ಕೋಕಿಲ’. ಅದರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ‘ಮೂಂಡ್ರಾಂ ಪಿರೈ’ಗೂ ಬಂತು. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಗೆ ಕ್ಯಾಮೆರಾ ಹಿಡಿದವರೂ ಇವರೇ.

ಕೊನೆಯ ದೃಶ್ಯಕ್ಕೆ ಬಂದಾಗಲೆಲ್ಲ ನಾನು ಟೀವಿಯ ಸೌಂಡ್ ತೆಗೆದುಬಿಡುತ್ತೇನೆ. ಊಟಿ ಹತ್ತಿರದ ಕೇತಿ ರೈಲ್ವೆ ಸ್ಟೇಷನ್, ಮಳೆ. ಗುಣವಾದ ಹುಡುಗಿ ರೈಲಿನಲ್ಲಿ ಕೂತಿದ್ದಾಳೆ, ನಡುವಿನ ದಿನಗಳ ನೆನಪೊಂದೂ ಅವಳಿಗಿಲ್ಲ. ಬಿದ್ದು ಪೆಟ್ಟು ಮಾಡಿಕೊಂಡ ಚೀನು ಕೆಸರು ಮೆತ್ತಿದ ಮೈಯಲ್ಲಿ, ಹಿಂದೆ ಅವಳನ್ನು ನಗಿಸುತ್ತಿದ್ದ ಕೋತಿಯಾಟವನ್ನೆಲ್ಲ ಆಡಿ ತೋರಿಸುತ್ತಾನೆ. ಇಲ್ಲಿ ಕ್ಯಾಮೆರಾ ಚಂದದ ಹಂಗನ್ನೇ ಬಿಟ್ಟಿದೆ. ಕಿಟಕಿಯ ಮೆತ್ತನೆ ಬೆಳಕಿಲ್ಲ, ಹೊಳೆಯುವ ಮಂಜಿಲ್ಲ, ಎಲ್ಲದರ ಮೇಲೂ ಒಂದೇ ಬೂದುಬಣ್ಣ. ಎರಡು ಗಂಟೆ ಅಷ್ಟು ಹತ್ತಿರದಿಂದ ನಾವು ಕಂಡಿದ್ದ ಮುಖ ಮಳೆಗೆ, ಕೆಸರಿಗೆ ಅಳಿಸಿಹೋಗಿದೆ. ಅವಳು ಆ ಮುಖವನ್ನು ನೇರವಾಗಿ ನೋಡುತ್ತಾಳೆ. ಯಾರೋ ಹುಚ್ಚ ಎಂದುಕೊಳ್ಳುತ್ತಾಳೆ. ರೈಲು ಹೊರಡುತ್ತದೆ.